ಮೋಟಾರು ಕೂರುವ ಹಲಗೆ

ಸೆಪ್ಟೆಂಬರ್ 4

ಅಪ್ಪ,

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಹುಟ್ಟಿನ ಸದ್ದಿಗೆ ಎಚ್ಚರವಾಯಿತು. ದೋಣಿಯ ಅಂಚಿಗೆ ಹುಟ್ಟು ತಗಲಿ ಟಕ್ ಅನ್ನುತ್ತದಲ್ಲ, ಅದು. ಟಕ್, ಆಮೇಲೆ ನೀರು, ಮತ್ತೆ ಟಕ್. ಯಾರದ್ದೋ ಇರಬೇಕೆಂದು ಮಗ್ಗುಲು ಬದಲಿಸಿದೆ. ಆಮೇಲೆ ಎದ್ದು ಕೂತೆ. ಈ ಹೊತ್ತಿನಲ್ಲಿ ನಮ್ಮ ಮನೆಯ ಮೆಟ್ಟಿಲಿಗೆ ಬರುವ ದೋಣಿ ನಮ್ಮದೊಂದೇ. ಮೋಟಾರು ಇರುವ ದೋಣಿಯನ್ನು ಯಾರಾದರೂ ಹುಟ್ಟು ಹಾಕಿಕೊಂಡು ತರುತ್ತಾರೆಯೇ?

ಬರಿಗಾಲಲ್ಲಿ ಓಡಿದೆ. ಇವರ ಅಂಗೈ ಎರಡೂ ಬೊಬ್ಬೆ ಎದ್ದು ಒಡೆದಿದ್ದವು. ಅಳಿವೆಯ ಬಾಯಲ್ಲಿ, ಇಳಿತದ ಸೆಳೆತ ಜೋರಾಗಿರುವಾಗಲೇ, ಮೋಟಾರು ಮೂರು ಸಲ ಕೆಮ್ಮಿ ನಿಂತುಹೋಯಿತಂತೆ. ಒಂದು ಗಂಟೆ ಹುಟ್ಟು ಹಾಕಿದ್ದಾರೆ. ಅದರಲ್ಲಿ ಅರ್ಧ ಗಂಟೆ ಮುಂದಕ್ಕೆ ಬರುವುದಕ್ಕಲ್ಲ, ಸಮುದ್ರಕ್ಕೆ ಹೋಗದೆ ಇದ್ದಲ್ಲೇ ಇರುವುದಕ್ಕೆ.

"ಏನೂ ಆಗಿಲ್ಲ, ಹೋಗಿ ಮಲಕೋ," ಅಂದರು.

"ಏನೂ ಆಗಿಲ್ಲ ಅಂದ್ರೆ ಹಲ್ಲು ಯಾಕ್ರೀ ಕಟಕಟ ಅಂತಿದೆ?"

"ಹಲ್ಲಿಗೇನು ಗೊತ್ತು?" ಅಂದರು.

ಈಗ ಬೆಳಿಗ್ಗೆ ಹತ್ತು ಗಂಟೆ, ಬರೆಯುವುದನ್ನು ಮುಂದುವರಿಸಿದ್ದೇನೆ. ಮೆಕ್ಯಾನಿಕ್ ಬಂದು ಮೋಟಾರಿನ ಮುಚ್ಚಳ ಬಿಚ್ಚಿ ಮೂಗು ಮುರಿದ. "ಒಳಗೆಲ್ಲ ಉಪ್ಪು ತಿಂದುಬಿಟ್ಟಿದೆ ಅಕ್ಕಾ. ಇದನ್ನ ಬದುಕಿಸಬೇಡಿ, ಪಾಪ, ಹೋಗಲಿ ಬಿಡಿ." ಪುಟ್ಟಿ ಪಕ್ಕದಲ್ಲೇ ನಿಂತಿದ್ದಳು. ಆ ಮೋಟಾರಿಗೆ ಅವಳು ಇಟ್ಟ ಹೆಸರು ಕೆಮ್ಮಜ್ಜ. "ಕೆಮ್ಮಜ್ಜ ಸತ್ತೋದ್ನಾ?" ಎಂದು ಕೇಳಿ, ಮೆಕ್ಯಾನಿಕ್ ಹೂಂ ಅಂದ ಮೇಲೆ ಅದರ ಮೇಲೆ ತನ್ನ ಕರವಸ್ತ್ರ ಹೊದಿಸಿ ಬಂದಳು.

ಹೊಸದು ತರಲೇಬೇಕು. ಯಾವುದು ತರಬೇಕು ಅಂತ ನೀನೇ ಹೇಳು. ದೋಣಿ ಕಟ್ಟಿದವನು ನೀನು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅತ್ತೆ ನಿನ್ನ ತಂಗಿಯೇ ಆದರೂ ಅವಳ ಕೈಯಲ್ಲಿ ಹೇಳಿಸಿದರೆ ನಿನಗೆ ತಲುಪುವಷ್ಟರಲ್ಲಿ ಅದರಲ್ಲಿ ಅರ್ಧ ಅವಳ ಮಾತೇ ಇರುತ್ತದೆ. ಅದಕ್ಕೇ ಬರೆದಿದ್ದೇನೆ. ಬೇಗ ಉತ್ತರ ಹಾಕು. ಕಣ್ಣು ಮುಚ್ಚಿದರೆ ಆ ಟಕ್ ಕೇಳಿಸುತ್ತದೆ.

ನಿನ್ನ ಮಗಳು


ಸೆಪ್ಟೆಂಬರ್ 11

ಮಗಳೇ,

ನಿನ್ನ ಪತ್ರ ಮುಟ್ಟಿತು. ಅಳಿಯಂದಿರ ಕೈಯನ್ನು ಎರಡು ದಿನ ಉಪ್ಪುನೀರಿಗೆ ಬಿಡಬೇಡ.

ಮೋಟಾರು ಕೊಳ್ಳುವಾಗ ಮೊದಲು ತೂಕ ಕೇಳು, ಆಮೇಲೆ ಶಕ್ತಿ ಕೇಳು. ಅಂಗಡಿಯವನು ಶಕ್ತಿಯನ್ನು ಕೂಗಿ ಹೇಳುತ್ತಾನೆ, ತೂಕ ಕೇಳಿದರೆ ಅವನಿಗೂ ನನ್ನ ಹಾಗೆ ಕಿವುಡು. ಎರಡನೆಯದು, ಮೋಟಾರಿನ ಕಾಲು, ಅಂದರೆ ನೀರಿಗಿಳಿಯುವ ಭಾಗ. ಅದು ಕೂರುವ ಹಿಂಬದಿಯ ಹಲಗೆ ಹದಿನೈದು ಇಂಚು ಎತ್ತರ. ಗಿಡ್ಡ ಕಾಲಿನದೇ ಬೇಕು. ಉದ್ದ ಕಾಲಿನದು ತಂದರೆ ಮರಳು ಗೀರುತ್ತದೆ, ದೋಣಿ ಮೂಗೆತ್ತಿ ಓಡುತ್ತದೆ.

ಇಪ್ಪತ್ತು ಎಚ್‌ಪಿ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ನಿನಗೆ ನಿದ್ದೆ ಬರುತ್ತಿದೆಯೋ ಇಲ್ಲವೋ ಬರೆದಿಲ್ಲ.

ಅಪ್ಪ


ಸೆಪ್ಟೆಂಬರ್ 29

ಅಪ್ಪ,

ನಿನ್ನ ಪತ್ರವನ್ನು ಇವರ ಮುಂದೆ ಗಟ್ಟಿಯಾಗಿ ಓದಿದ್ದು ನನ್ನ ತಪ್ಪು. ಹಾಸಿಗೆಯ ಗಾದೆ ಬಂದ ಕೂಡಲೇ ಊಟದ ತಟ್ಟೆ ಸರಿಸಿದರು. "ನಮ್ಮ ಹಾಸಿಗೆ ಎಷ್ಟುದ್ದ ಅಂತ ನಿಮ್ಮಪ್ಪ ಅಲ್ಲಿ ಕೂತ್ಕೊಂಡು ಅಳೀತಾರಾ?" ನೀನು ದೋಣಿಯ ಬಗ್ಗೆ ಹೇಳಿದ್ದು, ತಮ್ಮ ಬಗ್ಗೆ ಅಲ್ಲ, ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಇವರಿಗೆ ಇಪ್ಪತ್ತು ಯಾಕೆ ಸಾಲದು ಅನ್ನುವುದನ್ನೂ ಹೇಳುತ್ತೇನೆ, ಕೇಳು. ಅಳಿವೆಯ ಆಚೆ ದ್ವೀಪದಲ್ಲಿ ಹೊಸ ದೀಪದ ಗೋಪುರ ಕಟ್ಟುತ್ತಿದ್ದಾರೆ. ಆರು ಜನ ಗಾರೆಯವರನ್ನು ಬೆಳಿಗ್ಗೆ ಅಲ್ಲಿಗೆ ಬಿಟ್ಟು ಸಂಜೆ ಕರೆತರುವ ಕೆಲಸ ಇವರಿಗೆ ಸಿಕ್ಕಿದೆ. ನವೆಂಬರ್ ಇಪ್ಪತ್ತರಿಂದ ಶುರು, ಎರಡು ವರ್ಷದ ಕೆಲಸ. ಆರು ಜನರನ್ನು ಕೂರಿಸಿಕೊಂಡು ಸೆಳೆತಕ್ಕೆ ಎದುರಾಗಿ ಹೋಗಬೇಕಾದರೆ ನಲವತ್ತು ಬೇಕು ಅನ್ನುತ್ತಾರೆ. ಕೆಮ್ಮಜ್ಜ ನಡುನೀರಿನಲ್ಲಿ ನಿಂತ ರಾತ್ರಿಯಿಂದ ಅವರಿಗೂ ಒಳಗೊಳಗೇ ಭಯ. ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ಮೋಟಾರು ಬೇಕು ಅನ್ನುತ್ತಾರೆ, ಅಷ್ಟೇ.

ಮೂವರೂ ಅಂಗಡಿಗೆ ಹೋಗಿದ್ದೆವು. ಮೋಟಾರುಗಳನ್ನು ಕಬ್ಬಿಣದ ಸ್ಟ್ಯಾಂಡುಗಳಿಗೆ ಸಾಲಾಗಿ ನೇತುಹಾಕಿದ್ದರು. ಗೂಟಕ್ಕೆ ನೇತುಹಾಕಿದ ಸ್ಕೂಲಿನ ಚೀಲಗಳ ಹಾಗೆ ಕಂಡವು. ನಾನು ನೀನು ಹೇಳಿಕೊಟ್ಟ ಹಾಗೆಯೇ ಮೊದಲು ತೂಕ ಕೇಳಿದೆ. ಅಂಗಡಿಯವನು ನಕ್ಕ. "ತೂಕ ಯಾಕೆ ಮೇಡಂ, ನೀವೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ?" ಅಲ್ಲಿದ್ದವರೆಲ್ಲ ನಕ್ಕರು, ಇವರೂ ನಕ್ಕರು. ನಾನು ನಗಲಿಲ್ಲ. ಅಂಟಿಸಿದ್ದ ಚೀಟಿ ಬಗ್ಗಿ ಓದಿದೆ. ಇಪ್ಪತ್ತರದ್ದು ಐವತ್ತೆರಡು ಕಿಲೋ. ನಲವತ್ತರದ್ದು ತೊಂಬತ್ತೆಂಟು. ಸತ್ತ ಕೆಮ್ಮಜ್ಜ ಐವತ್ತು ಇದ್ದ.

ಅಂದರೆ ಇಬ್ಬರು ಕೆಮ್ಮಜ್ಜಂದಿರು ಒಂದೇ ಹಲಗೆಗೆ ಜೋತುಬೀಳಬೇಕು. ತೂಕ ಒಂದೇ ಅಲ್ಲ, ಓಡುವಾಗ ಅದು ದೋಣಿಯನ್ನು ತಳ್ಳುವುದೂ ಆ ಹಲಗೆಯ ಮೂಲಕವೇ. ಕಾಲೇಜಿನಲ್ಲಿ ಬಲ, ಭಾರ ಅಂತ ಮೂರು ವರ್ಷ ಓದಿದ್ದು ಈಗ ರಾತ್ರಿ ಚಾವಣಿ ನೋಡುತ್ತಾ ಲೆಕ್ಕ ಹಾಕುವುದಕ್ಕೆ ಉಪಯೋಗಕ್ಕೆ ಬರುತ್ತಿದೆ.

ಒಂದೇ ಪ್ರಶ್ನೆ ಅಪ್ಪ. ಹಲಗೆ ತಡೆಯುತ್ತದೋ ಇಲ್ಲವೋ? ತಡೆಯುವುದಿಲ್ಲ ಎಂದಾದರೆ ಯಾಕೆ ಅಂತ ಬರೆ. ಯಾಕೆ ಅನ್ನುವುದು ಗೊತ್ತಾದರೆ ಇವರು ಒಪ್ಪುತ್ತಾರೆ. ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನ ಕೆಲಸದ ಮೇಲೆ ದೇವರಂಥ ನಂಬಿಕೆ. ಮದುವೆಯಲ್ಲಿ, ಇಪ್ಪತ್ತು ವರ್ಷ ನೀನೇ ಓಡಿಸಿದ್ದ ಈ ದೋಣಿಯ ಹಗ್ಗ ಇವರ ಕೈಗಿಡುತ್ತಾ ನೀನು ಹೇಳಿದ್ದನ್ನು ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾರೆ: "ಇದರಲ್ಲಿ ಒಂದು ಮೊಳೆಯೂ ಸುಳ್ಳಿಲ್ಲ."

ನಿನ್ನ ಮಗಳು

ನಿದ್ದೆಯ ವಿಷಯ ಕೇಳಿದ್ದೆ. ಬರುತ್ತದೆ. ಬೆಳಗಿನ ಜಾವ.


ಅಕ್ಟೋಬರ್ 6

ಮಗಳೇ,

ಇಪ್ಪತ್ತೇ ತರಬೇಕು. ಬೇಕಾದರೆ ಆರು ಜನರನ್ನು ಮೂರು ಮೂರರಂತೆ ಎರಡು ಸಲ ಬಿಟ್ಟುಬರಲಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ.

ಕಾರಣ ಏನೆಂದು ಕೇಳಬೇಡ. ಹಿರಿಯರು ಹೇಳಿದ್ದಾರೆ ಅಂದರೆ ಸಾಕು.

ಪೆನ್ಸಿಲ್ ಮೊಂಡಾಗಿದೆ. ನಿಲ್ಲಿಸುತ್ತೇನೆ.

ಅಪ್ಪ


ಅಕ್ಟೋಬರ್ 24

ಅಪ್ಪ,

ಮೊಂಡು ಪೆನ್ಸಿಲ್ ಇಟ್ಟುಕೊಂಡ ಬಡಗಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ನಿನ್ನ ಕಿವಿಯ ಹಿಂದೆ ಯಾವಾಗಲೂ ಎರಡಿರುತ್ತಿದ್ದವು.

ಹಿರಿಯರು ಹೇಳಿದ್ದಾರೆ ಎಂಬ ಸಾಲಿನ ಕೆಳಗೆ ನೀನು ಎರಡು ಸಾಲು ಬರೆದು ಹೊಡೆದುಹಾಕಿದ್ದೀಯ. ಕಾಗದ ಹರಿಯುವಷ್ಟು ಒತ್ತಿ ಹೊಡೆದಿದ್ದೀಯ. ಬೆಳಕಿಗೆ ಹಿಡಿದು ನೋಡಿದೆ. ಒಂದೇ ಪದ ಓದಲು ಬಂತು: "ಆವತ್ತು". ಯಾವತ್ತು, ಅಪ್ಪ?

ಕಾರಣವಿಲ್ಲದ ಬುದ್ಧಿಮಾತು ಇವರ ಹತ್ತಿರ ನಡೆಯುವುದಿಲ್ಲ. ಮೊನ್ನೆ ನಲವತ್ತಕ್ಕೇ ಹೇಳಿ ಬಂದಿದ್ದಾರೆ, ಗಿಡ್ಡ ಕಾಲಿನದೇ. ಅಷ್ಟರ ಮಟ್ಟಿಗೆ ನಿನ್ನ ಮಾತು ಗೆದ್ದಿತು. ನಾನು ಅತ್ತು ಕೂಗಾಡಿದೆ. "ನಿನಗೆ ಗಾಳಿ ಬೀಸಿದರೂ ಭಯ, ನಿಂತರೂ ಭಯ," ಅಂದರು. ಸುಳ್ಳು ಅನ್ನುವ ಹಾಗಿಲ್ಲ. ಪುಟ್ಟಿ ಹುಟ್ಟಿದಾಗಿನಿಂದ ನಾನು ಹೀಗೇ. ರಾತ್ರಿ ನಾಲ್ಕು ಸಲ ಎದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಗ್ಯಾಸಿನ ವಾಸನೆ ಅಂತ ಬೀದಿಯವರನ್ನೆಲ್ಲ ಎಬ್ಬಿಸಿದ್ದೆ, ಅದು ಪಕ್ಕದ ಮನೆಯ ಪೇಂಟು. ಬೇಲಿ ಕಾಯುವ ನಾಯಿ ಎಲೆ ಅಲುಗಿದರೂ ಬೊಗಳಿದರೆ ಕಳ್ಳ ಬಂದ ದಿನ ಯಾರು ಎದ್ದು ನೋಡುತ್ತಾರೆ? ಆ ನಾಯಿ ನಾನು.

ರಾತ್ರಿ ಹಳೆಯದೆಲ್ಲ ನೆನಪಾಗುತ್ತದೆ. ನಿನ್ನ ಕಿವಿ ಮಂದವಾಗುತ್ತಾ ಬಂದಾಗ ನನಗೆ ಹತ್ತು ವರ್ಷ. ದೋಣಿ ಕಾರ್ಖಾನೆಯಲ್ಲಿ ಕಿವಿಯ ವಿಷಯ ಯಾರಿಗೂ ಹೇಳದೆ ನೀನು ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಹಲಗೆಗಳನ್ನು ಮರದ ಸುತ್ತಿಗೆಯಿಂದ ನೀನು ಬಡಿಯುತ್ತಿದ್ದೆ, ನಾನು ಕಿವಿಯಿಟ್ಟು ಕೇಳುತ್ತಿದ್ದೆ. ಟಣ್ ಅಂದರೆ ತಲೆಯಾಡಿಸುವುದು, ದಬ್ ಅಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. "ಗಟ್ಟಿ ಹಲಗೆ ಮಾತಾಡುತ್ತೆ, ಕೊಳೆತದ್ದು ತೊದಲುತ್ತೆ," ಅನ್ನುತ್ತಿದ್ದೆ. ಮುದಿ ಮಾಲೀಕರು ಕೇಳಿದಾಗ "ಮಗಳಿಗೆ ಕೆಲಸ ಕಲಿಸ್ತಾ ಇದ್ದೀನಿ" ಅಂತ ಸುಳ್ಳು. ನಾನು ನಿನ್ನ ಕಿವಿ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಕಾರಣ ಬರೆ, ಅಪ್ಪ. ನಿನ್ನ ಕಿವಿಗೇ ನೀನು ಹೇಳದಿದ್ದರೆ ಹೇಗೆ?

ನಿನ್ನ ಮಗಳು


ನವೆಂಬರ್ 9

ಅಪ್ಪ,

ಹದಿನಾರು ದಿನವಾಯಿತು. ಅಂಚೆಯವನು ಈಗ ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ, ತಪ್ಪು ಅವನದ್ದೇ ಅನ್ನುವ ಹಾಗೆ. ಅತ್ತೆಗೆ ಫೋನ್ ಮಾಡಿದೆ. ನೀನು ಚೆನ್ನಾಗಿದ್ದೀಯಂತೆ, ಊಟ ಮಾಡುತ್ತೀಯಂತೆ, ಅವಳ ಕಟ್ಟಿಗೆ ಅಂಗಡಿಯಲ್ಲಿ ಕೂತು ಯಾರಿಗೂ ಬೇಡದ ಸ್ಟೂಲುಗಳನ್ನು ಮಾಡುತ್ತೀಯಂತೆ. ಪತ್ರದ ಮಾತೆತ್ತಿದರೆ ಎದ್ದು ಹೋಗುತ್ತೀಯಂತೆ.

ನಿನ್ನೆ ಹೊಸ ಮೋಟಾರು ಕೂರಿಸಿದರು. ಮೆಕ್ಯಾನಿಕ್ ಹಲಗೆಗೆ ನಾಲ್ಕು ತೂತು ಕೊರೆದು ಬೋಲ್ಟು ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ತೂತಿನಿಂದ ಒಣ ಹೊಟ್ಟು ಉದುರಿತು, ಹಳದಿ, ಚೆಂದದ್ದು. ಎರಡನೆಯದರಿಂದ ಬಂದದ್ದು ಕಪ್ಪಗೆ, ಒದ್ದೆಯಾಗಿ, ಸೋಸಿ ಬಿಟ್ಟ ಚಹಾಪುಡಿಯ ಹಾಗೆ. ಬೆರಳಲ್ಲಿ ತೆಗೆದು ಮೂಸಿದೆ. ಮಣ್ಣಿನ ವಾಸನೆ.

"ಇದೇನಿದು?" ಅಂದೆ.

"ಹಳೇ ದೋಣಿ ಅಕ್ಕಾ. ನಿಮಗೂ ಇಪ್ಪತ್ತೈದು ವರ್ಷ ನೀರಲ್ಲಿ ನಿಲ್ಲಿಸಿದರೆ ಸ್ವಲ್ಪ ಒದ್ದೆ ಇರುತ್ತೆ," ಅಂದ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತುಂಬ ದಿನದ ಮೇಲೆ ನಕ್ಕಿದ್ದು, ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಒಳನೀರಿನಲ್ಲಿ ಓಡಿಸಿ ನೋಡಿದರು. ಬಾಣದ ಹಾಗೆ ಹೋಯಿತು. ಪುಟ್ಟಿ ದಡದಲ್ಲಿ ಕುಣಿದಳು, ಇದಕ್ಕೆ ಗುಡುಗಪ್ಪ ಅಂತ ಹೆಸರಿಟ್ಟಳು. ಒಮ್ಮೆಲೇ ವೇಗ ಕೊಟ್ಟಾಗ ಮೋಟಾರು ಹಲಗೆಯ ಮೇಲೆ ಒಂದು ಸಲ ತಲೆದೂಗಿದ್ದು ಮಾತ್ರ ಅವಳಿಗೆ ಕಾಣಲಿಲ್ಲ. ನನಗೆ ಕಂಡಿತು. ಬರೇ ಬೆರಳಗಲ. ಹೌದು ಅಂದ ಹಾಗೆ.

ಇನ್ನು ಹನ್ನೊಂದು ದಿನ. ಮದುವೆಯ ಪೆಟ್ಟಿಗೆಯ ತಳದಲ್ಲಿ ನಿನ್ನ ಮರದ ಸುತ್ತಿಗೆ ಇದೆ. ಹೊರಗೆ ತೆಗೆದಿಟ್ಟಿದ್ದೇನೆ. ಹೋಗಿ ಬಡಿದು ನೋಡಲು ಕೈ ಬರುತ್ತಿಲ್ಲ. ಕೇಳಿಸಿಬಿಟ್ಟರೆ?

ನಿನ್ನ ಮಗಳು


ನವೆಂಬರ್ 20, ರಾತ್ರಿ ಒಂದು ನಲವತ್ತು

ಅಪ್ಪ,

ಈ ಸಲ ಎಚ್ಚರವಾದದ್ದು ಕಿರ್ ಎಂಬ ಸದ್ದಿಗೆ. ಉಬ್ಬರ ಏರುತ್ತಿತ್ತು, ದೋಣಿ ಹಗ್ಗ ಜಗ್ಗುತ್ತಿತ್ತು. ಹಗ್ಗದ ಸದ್ದು ನನಗೆ ಗೊತ್ತು, ಇದು ಅದಲ್ಲ. ಪ್ರತಿ ಅಲೆ ಎತ್ತಿ ಇಳಿಸಿದಾಗಲೂ ಕಿರ್, ಕಿರ್. ಬಾಗಿಲಿನ ತಿರುಗಣಿ ಸಡಿಲವಾದ ಹಾಗೆ.

ಟಾರ್ಚು, ಸುತ್ತಿಗೆ, ಪುಟ್ಟಿಯ ಸೀಮೆಸುಣ್ಣ ತೆಗೆದುಕೊಂಡು ಇಳಿದೆ. ದೋಣಿಯಲ್ಲಿ ಮಂಡಿಯೂರಿ ಹಲಗೆಯ ಎಡತುದಿಯಿಂದ ಬಡಿಯುತ್ತಾ ಬಂದೆ. ಟಣ್. ಟಣ್. ಮೊದಲ ಬೋಲ್ಟು ದಾಟಿದ ಮೇಲೆ ದಬ್. ಇನ್ನೊಂದು ಸಲ ಬಡಿದೆ. ದಬ್. ನೀನು ಕಲಿಸಿದ ಹಾಗೆ ಸದ್ದು ಬದಲಾದಲ್ಲೆಲ್ಲ ಗುರುತು ಹಾಕಿ ಗೆರೆ ಕೂಡಿಸಿದೆ. ನಾಲ್ಕು ಬೋಲ್ಟುಗಳಲ್ಲಿ ಮೂರು ಗೆರೆಯ ಒಳಗಿವೆ, ಅಪ್ಪ. ಮೂರು.

ಚಾಕುವಿನಿಂದ ನಡುವಿನ ಬಣ್ಣ ಕೆರೆದೆ. ಕೆಳಗೆ ತೇಪೆ ಹಾಕಿದ ಮರದ ತುಂಡು. ಅಂಗೈಯಗಲ, ಕೂದಲು ತೂರದಷ್ಟು ಬಿಗಿ, ನಾಲ್ಕು ಮೂಲೆಯೂ ದುಂಡಗೆ. ತೇಪೆಯ ಮೂಲೆಯನ್ನು ದುಂಡಗೆ ಮಾಡುವ ಬಡಗಿ ಈ ಕರಾವಳಿಯಲ್ಲೇ ಒಬ್ಬನೇ. ತೇಪೆ ಇವತ್ತಿಗೂ ಕಲ್ಲಿನಂತಿದೆ. ಅದರ ಸುತ್ತಲಿನ ಮರದೊಳಗೆ ಚಾಕು ಬೆಣ್ಣೆಗಿಳಿದ ಹಾಗೆ ಇಳಿಯಿತು.

ಆವತ್ತು ಅಂದರೆ ಯಾವತ್ತು ಅಂತ ಆಗ ಗೊತ್ತಾಯಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ. ಮನೆ ತುಂಬ ಜನ. ನೀನು ಬಾಗಿಲಲ್ಲಿ ನಿಂತು, ಕೈಯಲ್ಲಿ ಸುತ್ತಿಗೆ ಹಿಡಿದು, "ಕೂಸೇ, ಐದು ನಿಮಿಷ ಬಂದು ಕೇಳಿ ಹೋಗ್ತೀಯಾ?" ಅಂದೆ. ಕಾಲೇಜಿನ ಗೆಳತಿಯರು ಸುತ್ತ ಕೂತಿದ್ದರು. ನಾನು ನಕ್ಕೆ. "ನಾಳೆ ಮದುವೆ, ಇವತ್ತು ನಾನು ಹಲಗೆ ಬಡೀಲಾ ಅಪ್ಪಾ?" ಅಂದೆ. ಅವರೂ ನಕ್ಕರು. ನೀನು ತಿರುಗಿ ಹೋದೆ.

ಬೆರಳಿಗೆ ಸಿಕ್ಕ ಕೊಳೆತದ್ದನ್ನೆಲ್ಲ ನೀನು ಕತ್ತರಿಸಿ ತೆಗೆದಿದ್ದೀಯ, ತೇಪೆ ಹಾಕಿದ್ದೀಯ, ಬಣ್ಣ ಬಳಿದಿದ್ದೀಯ. ಉಳಿದದ್ದು ಕಿವಿಗೆ ಸಿಗಬೇಕಿತ್ತು. ಕಿವಿ ಬರಲಿಲ್ಲ. ಮಾರನೆಯ ದಿನ ನೂರು ಜನರ ಮುಂದೆ ಒಂದು ಮೊಳೆಯೂ ಸುಳ್ಳಿಲ್ಲ ಅಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ ಇಪ್ಪತ್ತು ಸಾಕು, ಇಪ್ಪತ್ತು ಸಾಕು ಅಂತ ಬರೆದೆ. ಅಲ್ಲವಾ?

ನಿನ್ನ ಮೇಲೆ ನನಗೆ ಕೋಪವಿಲ್ಲ. ತಪ್ಪಿನಲ್ಲಿ ಅರ್ಧ ನನ್ನದು. ಅದನ್ನೆಲ್ಲ ಆಮೇಲೆ ಕೂತು ಅಳೋಣ. ಈಗ ಹೊತ್ತಿಲ್ಲ.

ಇವರನ್ನು ಎಬ್ಬಿಸಿದೆ. ಬಂದು ನೋಡಿ ಅಂದೆ. ಎದ್ದು ಕೂರಲೂ ಇಲ್ಲ.

"ಮೊದಲು ಗ್ಯಾಸು, ಆಮೇಲೆ ಮಗು ಉಸಿರು, ಈಗ ಹಲಗೆ. ಮೂರು ಗಂಟೆ ನಿದ್ದೆ ಉಳಿದಿದೆ ಕಣೇ, ಅದನ್ನೂ ಕಿತ್ಕೋಬೇಡ."

"ರೀ, ಚಾಕು ಒಳಗೆ ಹೋಯ್ತು ರೀ."

"ಚಾಕು ಯಾಕೆ ಹಾಕ್ದೆ? ದೋಣಿಗೆ ಯಾರಾದ್ರೂ ಚಾಕು ಹಾಕ್ತಾರಾ?"

"ಅದರಲ್ಲಿ ತೇಪೆ ಇದೆ. ಅಪ್ಪ ಹಾಕಿದ್ದು."

ಆಗ ಎದ್ದು ಕೂತರು. "ನೋಡು, ನಿಮ್ಮಪ್ಪ ನನ್ನ ಬಗ್ಗೆ ಏನು ಬೇಕಾದ್ರೂ ಅಂದ್ಕೊಳ್ಳಲಿ. ಆದ್ರೆ ಆ ಮನುಷ್ಯ ತೇಪೆ ಮುಚ್ಚಿ ಬಣ್ಣ ಬಳಿಯೋನಲ್ಲ. ಅವರ ಮಾತಿನ ಮೇಲೆ ನಾನು ಐದು ವರ್ಷ ಆ ಬಾಯಿ ದಾಟಿದ್ದೀನಿ. ಕೊಳೆತಿದೆ ಅಂತ ಅವರ ಬಾಯಿಂದ ಬರಲಿ, ಈ ಕ್ಷಣ ಮೋಟಾರು ಇಳಿಸ್ತೀನಿ. ನಿನ್ನ ಭಯ ಕೇಳ್ಕೊಂಡು ಇಳಿಸಲ್ಲ." ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಮೋಟಾರಿನ ಕೀಲಿ ದಿಂಬಿನ ಅಡಿಯಲ್ಲಿದೆ. ಕದ್ದು ನೀರಿಗೆ ಎಸೆಯಬಹುದು, ಮೆಕ್ಯಾನಿಕ್ ಹತ್ತಿರ ಇನ್ನೊಂದಿದೆ.

ಐದೂವರೆಗೆ ಗಾರೆಯವರು ಮೆಟ್ಟಿಲಿಗೆ ಬರುತ್ತಾರೆ. ಆರು ಗಂಟೆಗೆ ಅಳಿವೆಯ ಬಾಯಿ, ಆಗ ಇಳಿತ ಶುರುವಾಗಿ, ಎದುರಿನಿಂದ ಬರುವ ಸಮುದ್ರದ ಅಲೆ ಕಡಿದಾಗಿ ಏಳುತ್ತದೆ. ಅಲ್ಲಿ ಪೂರ್ತಿ ವೇಗ ಕೊಡದೆ ಗತಿಯಿಲ್ಲ. ಹಲಗೆ ಕಿತ್ತರೆ ಮೋಟಾರು ಒಂದೇ ಹೋಗುವುದಿಲ್ಲ, ದೋಣಿಯ ಹಿಂಭಾಗವೇ ತೆರೆದುಕೊಳ್ಳುತ್ತದೆ. ಏಳು ಜನ, ಅಪ್ಪ. ಗಾರೆಯವರಲ್ಲಿ ಇಬ್ಬರಿಗೆ ಈಜು ಬರುವುದಿಲ್ಲವಂತೆ. ನಿನ್ನೆ ಸಂಜೆ ನಮ್ಮ ಜಗುಲಿಯಲ್ಲಿ ಕೂತು ನಗುತ್ತಾ ಹೇಳಿದರು.

ಅತ್ತೆಯ ಫೋನಿಗೆ ಹನ್ನೊಂದು ಸಲ ಮಾಡಿದೆ. ರಾತ್ರಿ ಅದನ್ನು ಆಫ್ ಮಾಡಿ ಡಬ್ಬಿಯಲ್ಲಿಟ್ಟು ಮಲಗುವವಳು. ಮೀನಿನ ಐಸ್ ಲಾರಿ ಇಲ್ಲಿಂದ ಎರಡೂವರೆಗೆ ಹೊರಡುತ್ತದೆ, ನಾಲ್ಕೂವರೆಗೆ ನಿಮ್ಮ ಬೀದಿ ದಾಟುತ್ತದೆ. ಅದರ ಡ್ರೈವರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ನಿನಗೆ ಬಾಗಿಲು ಬಡಿದದ್ದು ಕೇಳಿಸುವುದಿಲ್ಲ, ಅತ್ತೆಯ ಕಿಟಕಿ ಬಡಿಯಿರಿ, ಅವಳು ಏಳುವವರೆಗೂ ಬಡಿಯಿರಿ ಅಂತ ಕೈಮುಗಿದಿದ್ದೇನೆ.

ಓದಿದ ಕೂಡಲೇ ಅತ್ತೆಯ ಫೋನಿನಿಂದ ಇವರ ನಂಬರಿಗೆ ಮಾಡಿಸು. ನನಗೆ ಬೇಡ, ಇವರಿಗೆ. ಅತ್ತೆ ಮಾತಾಡುವುದು ಬೇಡ, ಅವಳು ಹೇಳಿದರೆ ನಾನೇ ಹೇಳಿಸಿದ್ದು ಅನ್ನುತ್ತಾರೆ. ನಿನ್ನ ದನಿಯೇ ಆಗಬೇಕು. ಈ ಕಡೆಯಿಂದ ನಾವು ಏನು ಹೇಳುತ್ತೇವೋ ನಿನಗೆ ಕೇಳಿಸುವುದಿಲ್ಲ, ಕೇಳಿಸುವುದು ಬೇಡ. ಅವರು ಕೂಗಲಿ, ಬೈಯಲಿ, ಸುಮ್ಮನಿರಲಿ. ಫೋನ್ ಎತ್ತಿದ್ದಾರೆ ಅಂತ ಅತ್ತೆ ಸನ್ನೆ ಮಾಡಿದ ಕೂಡಲೇ ಬಾಯಿ ತೆರೆ. "ಹಲಗೆ ಕೊಳೆತಿದೆ, ನನಗೆ ಗೊತ್ತಿತ್ತು." ಇಷ್ಟೇ. ಎರಡು ಸಲ ಹೇಳು. ಐದು ವರ್ಷ ನಿನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಇಷ್ಟೇ ಮಾತು.

ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ಪುಟ್ಟಿ ಎದ್ದಳು. ನಾನು ಇವರ ಫೋನನ್ನು ದಿಂಬಿನ ಪಕ್ಕ ಇಟ್ಟು, ಸದ್ದು ಪೂರ್ತಿ ಜೋರು ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತೇನೆ. ಮರ್ಯಾದೆ ಹೋಗಲಿ ಅಪ್ಪ, ಬೆಳಗಾಗುವುದರೊಳಗೆ ಫೋನ್ ಮಾಡು. ಐದೂವರೆಗೆ ಮೊದಲು ಮಾಡು.

ನಿನ್ನ ಕಿವಿ